ಹೇಳಿದ್ದನ್ನೇ ಹೇಳುವ ಬಗ್ಗೆ

ಪ್ರಿಯ ಗೆಳೆಯ,

ನಿಮ್ಮೂರಿನ ಕೆರೆ ಬಗ್ಗೆ ಬರೆದ ಲೇಖನ ಓದಿದೆ. ‘ಪುನರುಕ್ತಿ ಜಾಸ್ತಿ’ ಅಂತ ಸಂಪಾದಕರು ವಾಪಸ್ ಕಳಿಸಿದ ಮೇಲೆ ನೀವು ತಿದ್ದಿದ್ದನ್ನೂ ನೋಡಿದೆ. ಮೊದಲಿನದೇ ಚೆನ್ನಾಗಿತ್ತು. ಅದರಲ್ಲಿ ಕೆರೆ ಬರೀ ಕೆರೆಯಾಗಿತ್ತು. ಈಗ ಅದು ಒಂದು ವಾಕ್ಯದಲ್ಲಿ ಕೆರೆ, ಮುಂದಿನದರಲ್ಲಿ ಸರೋವರ, ಆಮೇಲೆ ತಟಾಕ, ಕೊನೆಗೆ ‘ಜಲರಾಶಿ’. ಓದುವವರಿಗೆ ನಿಮ್ಮೂರಲ್ಲಿ ನಾಲ್ಕು ಕೆರೆ ಇವೆಯೇನೋ ಅನ್ನಿಸುತ್ತದೆ. ಕೆರೆಯನ್ನು ಹತ್ತು ಸಲ ಕೆರೆ ಅಂತಲೇ ಕರೆಯಿರಿ, ಯಾರಿಗೂ ಬೇಜಾರಾಗುವುದಿಲ್ಲ. ಬೇಜಾರು ತರಿಸಿದ್ದು ಬೇರೆ. ಎರಡನೇ ಪ್ಯಾರಾದಲ್ಲಿ ‘ಕೆರೆ ಹಾಳಾಗಿದೆ’ ಅಂದಿರಿ. ನಾಲ್ಕನೆಯದರಲ್ಲಿ ‘ಕೆರೆ ಮೊದಲಿನಂತಿಲ್ಲ’. ಆರನೆಯದರಲ್ಲಿ ‘ಕೆರೆ ತನ್ನ ವೈಭವ ಕಳೆದುಕೊಂಡಿದೆ’. ಹೊಸದೇನೋ ಹೇಳುತ್ತಿದ್ದೀರಿ ಅಂತ ನಂಬಿ ಓದಿದವರು ಮೂರು ಸಲ ಮೋಸ ಹೋದರು.

ಪದ ಮತ್ತೆ ಮತ್ತೆ ಬರಬಾರದು ಅಂತ ನಿಮಗೆ ಯಾರು ಹೇಳಿದರೋ. ಬಸವಣ್ಣನವರ ‘ಕಳಬೇಡ ಕೊಲಬೇಡ’ ವಚನ ತೆಗೆದುಕೊಳ್ಳಿ. ಶಾಲೆಯಲ್ಲಿ ಬಾಯಿಪಾಠ ಮಾಡಿದ್ದರಿಂದಲೇ ಅದನ್ನು ನಾವು ಸರಿಯಾಗಿ ನೋಡುವುದಿಲ್ಲ. ಏಳು ‘ಬೇಡ’ ಇವೆ. ಒಂದನ್ನೂ ತೆಗೆಯಲಾಗದು. ಶುರುವಾಗುವುದು ಕಳ್ಳತನ, ಕೊಲೆಯಿಂದ. ಅವು ನಮ್ಮಲ್ಲಿ ಹೆಚ್ಚಿನವರು ಮಾಡದ ತಪ್ಪುಗಳು, ಹಾಗಾಗಿ ಕೇಳುವವರು ನೆಮ್ಮದಿಯಾಗಿ ಕೂತಿರುತ್ತಾರೆ. ಆಮೇಲೆ ಸುಳ್ಳು, ಸಿಟ್ಟು, ಅಸಹ್ಯ. ಕೊನೆಗೆ ‘ತನ್ನ ಬಣ್ಣಿಸಬೇಡ, ಇದಿರ ಹಳಿಯಲು ಬೇಡ’. ಅಷ್ಟು ಹೊತ್ತಿಗೆ ಯಾರಿಗೂ ತಪ್ಪಿಸಿಕೊಳ್ಳಲು ಜಾಗವಿಲ್ಲ. ಅದೇ ಪದ ಪ್ರತಿ ಸಲ ಇನ್ನೊಂದು ಹೆಜ್ಜೆ ಹತ್ತಿರ ಬರುತ್ತದೆ. ನಡಿಗೆಯೂ ಒಂದೇ ಸಮ ಇಲ್ಲ ನೋಡಿ: ‘ಕೊಲಬೇಡ’ ಗಿಡ್ಡ, ‘ಹುಸಿಯ ನುಡಿಯಲು ಬೇಡ’ ಉದ್ದ.

‘ಇವನಾರವ’ ವಚನದಲ್ಲಿ ಇನ್ನೂ ಧೈರ್ಯ. ಅಲ್ಲಿ ಮೂರು ಸಲವೂ ಪದ ಅದೇ, ಅರ್ಥವೂ ಅದೇ. ಆದರೆ ಹೊಸಬನೊಬ್ಬ ಒಳಗೆ ಬಂದಾಗ ಒಬ್ಬರಿಂದೊಬ್ಬರಿಗೆ ಹರಿದಾಡುವ ಪಿಸುಮಾತು ಕಿವಿಗೆ ಬೀಳುತ್ತದೆ. ಅಷ್ಟು ಜನರ ಅನುಮಾನಕ್ಕೆ ‘ಇವ ನಮ್ಮವ’ ಅಂತ ಒಂದು ಸಲ ಹೇಳಿ ಬಿಟ್ಟರೆ ಸಾಲುತ್ತಿರಲಿಲ್ಲ. ಅದೂ ಮೂರು ಸಲ ಬಂತು.

ಹಳಬರಿಗೆ ಇದು ಗೊತ್ತಿತ್ತು. ಸಂಸ್ಕೃತದಲ್ಲಿ ಕಾವ್ಯಶಾಸ್ತ್ರ ಬರೆದ ದಂಡಿ ತನ್ನ ‘ಕಾವ್ಯಾದರ್ಶ’ದಲ್ಲಿ ಹತ್ತು ಕಾವ್ಯದೋಷಗಳನ್ನು ಪಟ್ಟಿ ಮಾಡುತ್ತಾನೆ. ವಿಶೇಷವೇನೂ ಇಲ್ಲದೆ ಹೇಳಿದ್ದನ್ನೇ ಮತ್ತೆ ಹೇಳುವುದು ಅದರಲ್ಲೊಂದು. ಕೂಡಲೇ ವಿನಾಯಿತಿಯನ್ನೂ ಕೊಡುತ್ತಾನೆ. ಮರುಕ ಉಕ್ಕಿ ಬಂದಾಗ ಮತ್ತೆ ಹೇಳಿದರೆ ಅದು ದೋಷವಲ್ಲ, ಅಲಂಕಾರವೇ. ಅವನು ಕೊಡುವ ಪದ್ಯದಲ್ಲಿ ಮನ್ಮಥನ ಕಾಟಕ್ಕೆ ಸಿಕ್ಕ ಹೆಣ್ಣಿನ ಬಗ್ಗೆ ‘ಹನ್ಯತೇ’ (ಕೊಲ್ಲಲ್ಪಡುತ್ತಾಳೆ) ಅನ್ನುವ ಒಂದೇ ಕ್ರಿಯಾಪದ ಮೂರು ಸಲ ಬರುತ್ತದೆ. ಸುಮಾರು 850ರ ಹೊತ್ತಿನ ನಮ್ಮ ‘ಕವಿರಾಜಮಾರ್ಗ’ ಬಹಳಷ್ಟನ್ನು ಈ ದಂಡಿಯಿಂದಲೇ ಪಡೆದದ್ದು. ಸಂಪಾದಕರ ಜೊತೆ ಜಗಳಕ್ಕೆ ಇದು ಒದಗುತ್ತದೆ, ಇಟ್ಟುಕೊಂಡಿರಿ. ಆದರೆ ಈ ಲೇಖನದ ಮಟ್ಟಿಗೆ ಅವರೇ ಸರಿ.

ಕತ್ತರಿ ಹಾಕಬೇಕಾದ್ದು ಸಣ್ಣಪುಟ್ಟ ಕಡೆಯೂ ಇದೆ. ‘ಪುನಃ ಮತ್ತೊಮ್ಮೆ’, ‘ಹಿಂದಿನ ಗತವೈಭವ’, ‘ನಟ್ಟನಡು ಮಧ್ಯದಲ್ಲಿ’. ಮತ್ತೆ ಆ ‘ನಾನು’! ‘ನಾನು ಏರಿ ಮೇಲೆ ನಡೆದೆ. ನಾನು ತೂಬಿನ ಹತ್ತಿರ ನಿಂತೆ. ನಾನು ಸುತ್ತ ನೋಡಿದೆ.’ ಕನ್ನಡದಲ್ಲಿ ‘ನಡೆದೆ’ ಅಂದರೆ ಸಾಕು, ನಡೆದವರು ಯಾರು ಅಂತ ಅದರಲ್ಲೇ ಇದೆ. ಬೇರೆ ಯಾರೂ ಬರಲಿಲ್ಲ, ನೀವೊಬ್ಬರೇ ಹೋದಿರಿ ಅನ್ನುವ ಜಾಗದಲ್ಲಿ ‘ನಾನು’ ಇಡಿ, ಆಗ ಅದಕ್ಕೆ ತೂಕ. ಬಹುವಚನದ ‘ಗಳು’ ಕೂಡ ಹಾಗೇ, ‘ಹತ್ತು’ ಅಂದ ಮೇಲೆ ಅದು ಬೇಕಿಲ್ಲ. ಮಾತಾಡುವಾಗ ‘ಹತ್ತು ಮರ’ ಅನ್ನುವವರೇ ಬರೆಯಲು ಕೂತರೆ ‘ಹತ್ತು ಮರಗಳು’ ಅನ್ನುತ್ತೇವೆ, ಅಲ್ವಾ?

ನೀವು ಕರಾವಳಿಯವರಲ್ಲ. ಆದರೂ ಒಂದು ರಾತ್ರಿ ತಾಳಮದ್ದಲೆಗೆ, ಅಂದರೆ ವೇಷ, ಕುಣಿತ ಇಲ್ಲದೆ ಕೂತು ನಡೆಸುವ ಯಕ್ಷಗಾನಕ್ಕೆ, ಹೋಗಿ ಕೂರಿ. ಭಾಗವತರು ಪದ ಹಾಡುತ್ತಾರೆ. ಆಮೇಲೆ ಅರ್ಥಧಾರಿ ಅದೇ ವಿಷಯವನ್ನು ಮಾತಿನಲ್ಲಿ ಹೇಳಬೇಕು. ಅಂದರೆ ಪುನರುಕ್ತಿಯೇ ಅವರ ಕಸುಬು! ಸಾಧಾರಣ ಅರ್ಥಧಾರಿ ಪದ್ಯವನ್ನು ಸುಮ್ನೆ ಗದ್ಯ ಮಾಡಿ ಮುಗಿಸುತ್ತಾರೆ. ಜನ ಚಹಾ ಕುಡಿಯಲು ಏಳುತ್ತಾರೆ. ಪಳಗಿದವರು ಸಂಧಿ ಬೇಡ ಅನ್ನುವ ಒಂದು ಸಾಲಿನ ಹಿಂದೆ ಕೌರವನಿಗೆ ಏನೇನು ಕಾರಣ ಇದ್ದವು ಅಂತ ಅರ್ಧ ಗಂಟೆ ಕಟ್ಟುತ್ತಾರೆ. ಎದುರು ಕೂತ ಕೃಷ್ಣ ಅದನ್ನೆಲ್ಲ ಒಂದೊಂದಾಗಿ ಕೆಡವಬೇಕು. ಕಿವಿಯಲ್ಲಿ ಕೇಳುವವರು ಹಿಂದಕ್ಕೆ ಹೋಗಿ ಇನ್ನೊಮ್ಮೆ ಕೇಳಲಾರರು, ಹಾಗಾಗಿ ಅಲ್ಲಿ ಎಳೆದು ಹೇಳಿದರೂ ನಡೆಯುತ್ತದೆ. ಅಚ್ಚಾದ ಪುಟದಲ್ಲಿ ಅಷ್ಟು ಸಲಿಗೆ ಇಲ್ಲ.

ಒಂದೇ ಮಾತನ್ನು ಮೂರು ಸಲ ಯಾಕೆ ಹೇಳಿದಿರಿ ಅನ್ನುವುದಕ್ಕೆ ನನಗೊಂದು ಗುಮಾನಿ ಇದೆ. ಪೂರ್ತಿ ಪುಟ ತುಂಬಿಸಬೇಕಿತ್ತು, ಕೈಯಲ್ಲಿದ್ದದ್ದು ಕಾಲು ಪುಟದ ವಿಷಯ. ನಿಮ್ಮೂರಲ್ಲಿ ಕೆರೆ ನೀರನ್ನು ಗದ್ದೆಗಳಿಗೆ ಬಿಡುವ ನೀರುಗಂಟಿ ಕೆಲಸ ಮಾಡಿದ ಮನೆಯವರು ಯಾರಾದರೂ ಇದ್ದರೆ ಹುಡುಕಿ. ತೂಬು ಯಾವಾಗ ಎತ್ತುತ್ತಿದ್ದರು, ಯಾರ ಗದ್ದೆಗೆ ಮೊದಲು ನೀರು, ಅದಕ್ಕೆ ಜಗಳ ಆಗುತ್ತಿತ್ತಾ, ಹೂಳನ್ನು ಯಾರು ಗಾಡಿಯಲ್ಲಿ ಹೊಲಕ್ಕೆ ಹೊಡೆಯುತ್ತಿದ್ದರು, ಅದು ಯಾಕೆ ನಿಂತಿತು, ಕೆರೆ ಕೊನೆಯ ಸಲ ಕೋಡಿ ಬಿದ್ದದ್ದು ಯಾವ ವರ್ಷ ಅಂತ ಕೇಳಿ. ಬರೆದುಕೊಂಡು ಬನ್ನಿ. ಜಾಗ ಸಾಲದೆ ಹೋದರೆ ಇನ್ನರ್ಧ ಪುಟ ಕೊಡಿ ಅಂತ ಸಂಪಾದಕರನ್ನು ನಾನೇ ಕೇಳುತ್ತೇನೆ.

ಪ್ರೀತಿಯಿಂದ,
ನಿಮ್ಮ ಹಿರಿಯ ಗೆಳೆಯ