ಪೈಪ್‌ಲೈನ್ ನಕ್ಷೆಯ ಜೊತೆಗೆ ಪಟ್ಟಿಯೂ ಇರಲಿ

ಮಾನ್ಯ ಸಂಪಾದಕರೆ,

ಜಲಜೀವನ್ ಮಿಷನ್ 2019ರಲ್ಲಿ ಶುರುವಾದ ಮೇಲೆ ಹಾಸನ ಜಿಲ್ಲೆಯ ಹಳ್ಳಿಗಳಲ್ಲಿ ಹೊಸ ಪೈಪುಗಳು ಬಂದಿವೆ. ಆದರೆ ಜೆಸಿಬಿ ತಾಗಿ ಪೈಪ್ ಒಡೆದರೆ ಯಾವ ವಾಲ್ವ್ ಮುಚ್ಚಬೇಕೆಂದು ಹೇಳಬಲ್ಲವರು ಹೆಚ್ಚಿನ ಕಡೆ ನೀರುಗಂಟಿಯೊಬ್ಬರೇ. ಪಂಚಾಯಿತಿಯಲ್ಲಿ ಸ್ಕ್ಯಾನ್ ಮಾಡಿದ ನಕ್ಷೆ ಇದ್ದರೂ ಅದು ಚಿತ್ರ ಮಾತ್ರ. ಎರಡು ಗೆರೆ ಒಂದನ್ನೊಂದು ದಾಟಿದ ಜಾಗದಲ್ಲಿ ಪೈಪುಗಳು ಕೂಡಿವೆಯೋ, ಒಂದರ ಕೆಳಗೆ ಇನ್ನೊಂದು ಹಾದುಹೋಗಿದೆಯೋ ಚಿತ್ರ ನೋಡಿ ಹೇಳಲಾಗದು.

ನಕ್ಷೆಯ ಜೊತೆಗೆ ಒಂದು ಸಾದಾ ಪಠ್ಯ ಫೈಲ್ ಇಡಬೇಕು. ಅದರಲ್ಲಿ ಎರಡು ಪಟ್ಟಿ. ಮೊದಲನೆಯದು ಬಿಂದುಗಳದು: ಟ್ಯಾಂಕ್, ಬೋರ್‌ವೆಲ್, ಪೈಪ್ ಕವಲೊಡೆಯುವ ಜಾಗ, ಪ್ರತಿಯೊಂದರ ಎತ್ತರ ಮೀಟರಿನಲ್ಲಿ. ಎರಡನೆಯದು ಪೈಪುಗಳದು, ಒಂದು ಪೈಪಿಗೆ ಒಂದು ಸಾಲು:

ಪೈ7, ಟ್ಯಾಂಕ್1, ಶಾಲೆ_ಮೂಲೆ, 240, 90, ತೆರೆದಿದೆ

ಪೈಪಿನ ಗುರುತು, ಎಲ್ಲಿಂದ, ಎಲ್ಲಿಗೆ, ಉದ್ದ ಮೀಟರಿನಲ್ಲಿ, ವ್ಯಾಸ ಮಿಲಿಮೀಟರಿನಲ್ಲಿ, ವಾಲ್ವಿನ ಸ್ಥಿತಿ. ಎರಡು ಸಾಲುಗಳಲ್ಲಿ ಒಂದೇ ಬಿಂದು ಬಂದರೆ ಪೈಪುಗಳು ಅಲ್ಲಿ ಕೂಡಿವೆ, ಬರದಿದ್ದರೆ ಇಲ್ಲ. ಅನುಮಾನಕ್ಕೆ ಜಾಗವೇ ಇಲ್ಲ. ಗೇಟ್ ವಾಲ್ವಿಗೆ ಬೇರೆ ಬಿಂದು ಬೇಡ, ಅದು ಪೈಪಿನದೇ ಗುಣ. ಒಂದು ಸಾಲಿನಲ್ಲಿ ‘ಮುಚ್ಚಿದೆ’ ಎಂದು ಬದಲಿಸಿದರೆ ಯಾವ ಬೀದಿಗೆ ನೀರು ನಿಲ್ಲುತ್ತದೆಂದು ಕಂಪ್ಯೂಟರ್ ಲೆಕ್ಕ ಹಾಕಿಬಿಡುತ್ತದೆ. ಎಲ್ಲ ಬಿಂದುಗಳನ್ನೂ ಅಡ್ಡ-ಉದ್ದ ಬರೆದು ಕೋಷ್ಟಕ ಮಾಡುವವರಿದ್ದಾರೆ. ಇನ್ನೂರು ಬಿಂದುಗಳಿಗೆ 40,000 ಚೌಕಗಳಾಗುತ್ತವೆ, ಬಹುಪಾಲು ಸೊನ್ನೆ. ಅದು ಬೇಡ.

ಹೆಚ್ಚು ಕೆಡುವುದು ಹೆಸರುಗಳಲ್ಲಿ. ಒಂದು ಕಡೆ ‘ಶಾಲೆ_ಮೂಲೆ’, ಇನ್ನೊಂದು ಕಡೆ ‘ಶಾಲೆಮೂಲೆ’ ಎಂದು ಬರೆದರೆ ಕಂಪ್ಯೂಟರಿಗೆ ಅವು ಎರಡು ಜಾಗ, ನಡುವೆ ನೀರು ಹರಿಯುವುದಿಲ್ಲ. ಇಂಥ ಪಟ್ಟಿಯಿಂದ ಚಿತ್ರ ಬಿಡಿಸಿಕೊಡುವ ಗ್ರಾಫ್‌ವಿಜ್ ಎಂಬ ತಂತ್ರಾಂಶ ಹೊಸ ಹೆಸರು ಕಂಡಲ್ಲಿ ತುಟಿಪಿಟಕ್ಕೆನ್ನದೆ ಹೊಸ ಬಿಂದು ಸೃಷ್ಟಿಸುತ್ತದೆ. ನೀರಿನ ಲೆಕ್ಕಕ್ಕೆಂದೇ ಇರುವ, ಉಚಿತವಾಗಿ ಸಿಗುವ ಎಪಾನೆಟ್ ಎಂಬ ತಂತ್ರಾಂಶ, ಪಟ್ಟಿಯಲ್ಲಿಲ್ಲದ ಬಿಂದು ಸಿಕ್ಕರೆ ತಪ್ಪೆಂದು ತೋರಿಸಿ ನಿಲ್ಲುತ್ತದೆ. ಈ ಕೆಲಸಕ್ಕೆ ನಿಲ್ಲುವುದೇ ಒಳ್ಳೆಯದು. ಎಪಾನೆಟ್ಟಿಗೆ ಕೊಡುವ ಫೈಲೂ ಇಂಥದೇ ಪಠ್ಯ, ವಿಭಾಗಗಳ ತಲೆಬರಹವನ್ನೂ ಪೈಪಿನ ಒರಟುತನದಂಥ ಒಂದೆರಡು ಅಂಕಣಗಳನ್ನೂ ಸೇರಿಸಿ, ವಾಲ್ವಿನ ಸ್ಥಿತಿಯನ್ನು ಇಂಗ್ಲಿಷಿನಲ್ಲಿ Open, Closed ಎಂದು ಬರೆದರಾಯಿತು. ಒಂದು ಎಚ್ಚರ ಬೇಕು: ಹರಿವಿನ ಮಾನವನ್ನು ಸೆಕೆಂಡಿಗೆ ಲೀಟರ್ ಎಂದು ನಮೂದಿಸದೆ ಬಿಟ್ಟರೆ ಅದು ಅಮೆರಿಕದ ಗ್ಯಾಲನ್ ಲೆಕ್ಕ ಹಿಡಿದು, ನಮ್ಮ 90 ಮಿಲಿಮೀಟರ್ ಪೈಪನ್ನು 90 ಇಂಚೆಂದು ಓದುತ್ತದೆ.

ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಹಾಗೆಯೇ ತುಂಬಬಾರದು. ಯೂನಿಕೋಡ್ ಇರಬೇಕು. ಯೂನಿಕೋಡಿನಲ್ಲೂ ‘ಕೋ’ದಲ್ಲಿನ ‘ಓ’ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಬಿಡಿ ಸಂಕೇತಗಳನ್ನು ಜೋಡಿಸಿಯೂ ಬರೆಯಬಹುದು. ಕಣ್ಣಿಗೆ ಒಂದೇ, ಹೋಲಿಸಿದರೆ ಬೇರೆ. ಆದ್ದರಿಂದ ಗುರುತು ಚಿಕ್ಕದಿರಲಿ, ಪೂರ್ತಿ ಹೆಸರು ಪಕ್ಕದ ಅಂಕಣದಲ್ಲಿರಲಿ. ಪೈಪಿಗೆ ‘3-2’ ಎಂಬಂಥ ಗುರುತು ಕೊಟ್ಟರೆ ಎಕ್ಸೆಲ್ ಅದನ್ನು ತಾರೀಖು ಮಾಡಿಬಿಡುತ್ತದೆ, ಮುಂದೆ ಅಕ್ಷರ ಹಾಕಿ ‘ಪೈ3_2’ ಎನ್ನುವುದು ಕ್ಷೇಮ.

ಕಾಮಗಾರಿಯ ಅಂತಿಮ ಬಿಲ್ಲಿಗೆ ಮುಂಚೆ ಗುತ್ತಿಗೆದಾರರಿಂದ ಈ ಫೈಲನ್ನೂ ಪಡೆಯಬೇಕೆಂದು ಜಿಲ್ಲಾ ಪಂಚಾಯಿತಿ ನಿಯಮ ಮಾಡಲಿ. ಪಿಡಿಒ ಅದರಲ್ಲಿ ಹತ್ತು ಸಾಲು ಆರಿಸಿಕೊಂಡು, ನೀರುಗಂಟಿಯನ್ನು ಕರೆದುಕೊಂಡು ಹೋಗಿ, ವಾಲ್ವ್ ತಿರುಗಿಸಿ ತಾಳೆ ನೋಡಿದ ಮೇಲೆಯೇ ಸಹಿ ಹಾಕಲಿ.

– ಓದುಗರು, ಹಾಸನ