ಅಪ್ಪನ ಎಸ್‌ಜಿಪಿಟಿ ರಿಪೋರ್ಟು

ಮ್ಯಾಂಚೆಸ್ಟರ್

ತೀರ್ಥರೂಪ ಅಪ್ಪನವರಿಗೆ, ನಿಮ್ಮ ಮಗಳು ಮಾಡುವ ನಮಸ್ಕಾರಗಳು. ನಾವೆಲ್ಲ ಆರಾಮ ಇದ್ದೇವೆ.

ನಿಮ್ಮ ರಕ್ತಪರೀಕ್ಷೆಯ ರಿಪೋರ್ಟಿನ ಫೋಟೋವನ್ನು ತಮ್ಮ ಕಳಿಸಿದ. ಎಸ್‌ಜಿಪಿಟಿ 68, ಪಕ್ಕದಲ್ಲಿ ದಪ್ಪಗೆ ‘ಹೈ’ ಅಂತ ಅಚ್ಚಾಗಿದೆ. ಅದನ್ನು ನೋಡಿ ಗಂಜ್ ಮಾರುಕಟ್ಟೆಯಲ್ಲಿ ಪಕ್ಕದ ಅಡತಿ ಅಂಗಡಿಯ ಕಾಕಾ “ಕೊಲೆಸ್ಟ್ರಾಲ್ ಗುಳಿಗೆ ಲಿವರ್ ತಿಂದು ಹಾಕ್ತದ” ಅಂದರಂತೆ. ನೀವು ಆ ಗುಳಿಗೆ, ಅಂದರೆ ಅಟೋರ್ವಾಸ್ಟಾಟಿನ್, ಬಿಟ್ಟೇಬಿಟ್ಟಿರಂತೆ. ಫೋನಿನಲ್ಲಿ ಹೇಳಿದರೆ “ಆಯ್ತು ಬಿಡವ್ವ” ಅಂದು ಅವ್ವನ ಕೈಗೆ ಕೊಟ್ಟುಬಿಡುತ್ತೀರಿ. ಅದಕ್ಕೇ ಈ ಪತ್ರ.

ಎಸ್‌ಜಿಪಿಟಿ ಲಿವರಿನ ಜೀವಕೋಶಗಳ ಒಳಗಿರುವ ಎನ್‌ಜೈಮು. ಜೀವಕೋಶಕ್ಕೆ ಪೆಟ್ಟಾದರೆ ಅದು ರಕ್ತಕ್ಕೆ ಸೋರುತ್ತದೆ, ಮೂಟೆ ಹರಿದರೆ ಹತ್ತಿ ಹೊರಗೆ ಬರುವ ಹಾಗೆ. ನಿಮ್ಮ ಲ್ಯಾಬಿನವರು 40 ಅನ್ನು ಮೇಲಿನ ಮಿತಿ ಅಂತ ಹಾಕಿದ್ದಾರೆ. ಈ ಗುಳಿಗೆ ತಿನ್ನುವವರಲ್ಲಿ ಅಂಕಿ ಆ ಮಿತಿಯ ಮೂರು ಪಟ್ಟು ದಾಟಿದರೆ, ಮತ್ತೆ ಪರೀಕ್ಷೆ ಮಾಡಿದಾಗಲೂ ಅಲ್ಲೇ ಇದ್ದರೆ, ಆಗ ಡಾಕ್ಟರುಗಳು ಗುಳಿಗೆ ನಿಲ್ಲಿಸುವ ಇಲ್ಲವೇ ಡೋಸ್ ಇಳಿಸುವ ಬಗ್ಗೆ ಯೋಚಿಸುತ್ತಾರೆ. ಅಂದರೆ 120ರ ಮೇಲೆ. ನಿಮ್ಮದು ಎರಡು ಪಟ್ಟೂ ಆಗಿಲ್ಲ.

ನಾನು ಕೆಲಸ ಮಾಡುವ ಔಷಧಿ ಅಂಗಡಿಗೆ ಬರುವ ಇಲ್ಲಿನ ಅಜ್ಜಂದಿರಿಗೂ ಇದೇ ಭಯ. ಇಂಗ್ಲೆಂಡಿನಲ್ಲಿ ಗುಳಿಗೆ ಶುರು ಮಾಡುವ ಮುಂಚೆ ಒಮ್ಮೆ, ಮೂರು ತಿಂಗಳೊಳಗೆ ಒಮ್ಮೆ, ಒಂದು ವರ್ಷ ತುಂಬಿದಾಗ ಒಮ್ಮೆ ಲಿವರ್ ಪರೀಕ್ಷೆ ಮಾಡುತ್ತಾರೆ. ಆಮೇಲೆ ತೊಂದರೆ ಕಂಡರೆ ಮಾತ್ರ. ಅಮೆರಿಕದಲ್ಲಂತೂ ಪದೇ ಪದೇ ಮಾಡಿಸಬೇಕು ಅನ್ನುವ ಸೂಚನೆಯನ್ನೇ 2012ರಲ್ಲಿ ತೆಗೆದುಹಾಕಿದರು. ಈ ಗುಳಿಗೆಯಿಂದ ಲಿವರ್ ನಿಜವಾಗಿ ಕೆಡುವುದು ಬಹಳ ಅಪರೂಪ. ಆದರೆ ನಿಮ್ಮ ಹಾಗೆ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಗುಳಿಗೆ ಬಿಟ್ಟರೆ ಮತ್ತೆ ಹಾರ್ಟ್ ಅಟ್ಯಾಕ್ ಆಗುವ ಅಪಾಯ ಜಾಸ್ತಿ. ಕಾಕಾ ಅದನ್ನು ಹೇಳಲಿಲ್ಲ, ಅಲ್ವಾ?

ಹಾಗಾದರೆ 68 ಯಾಕೆ ಬಂತು? ನನಗೆ ಅನುಮಾನ ಇರುವುದು ಬೇರೆ ಕಡೆ. ನಿಮಗೆ ಶುಗರ್ ಇದೆ, ಹೊಟ್ಟೆಯೂ ಬಂದಿದೆ. ಫ್ಯಾಟಿ ಲಿವರ್, ಅಂದರೆ ಲಿವರಿನಲ್ಲಿ ಕೊಬ್ಬು ಸೇರಿರುವುದು, ಇರಬಹುದು. ಇದ್ದರೂ ಈ ಗುಳಿಗೆ ತಿನ್ನಬಹುದು, ಅದು ಅಡ್ಡಿಯಲ್ಲ. ಮತ್ತೆ ಬೆಳಗ್ಗೆ ಬೆಳಗ್ಗೆ ಕುಡಿಯುವ ಆ ಅಮೃತಬಳ್ಳಿ ರಸ! ಕೊರೊನಾ ಕಾಲದಲ್ಲಿ ಶುರುವಾದದ್ದು ಇನ್ನೂ ನಿಂತಿಲ್ಲ ಅಂತ ಅವ್ವ ಹೇಳಿದಳು. ಅದನ್ನು ಕುಡಿದವರಲ್ಲಿ ಲಿವರ್ ಊತ ಕಂಡದ್ದನ್ನು ಮುಂಬೈ ಡಾಕ್ಟರುಗಳು 2021ರಲ್ಲೇ ಬರೆದಿದ್ದಾರೆ. ಗಿಡದಿಂದ ಬಂದದ್ದು ಅಂದಮಾತ್ರಕ್ಕೆ ನಿರಪಾಯ ಅಲ್ಲ ಅಪ್ಪಾ. ಮೊಣಕಾಲಿಗೆ ನುಂಗುವ ಪ್ಯಾರಾಸಿಟಮಾಲ್ ಕೂಡ ಲೆಕ್ಕದಲ್ಲಿರಲಿ. ಶೀತದ ಗುಳಿಗೆಯಲ್ಲೂ ಅದೇ ಇರುತ್ತದೆ, ಎರಡೂ ಸೇರಿದರೆ ಜಾಸ್ತಿಯಾಗುತ್ತದೆ. ಹತ್ತಿ ಸೀಸನ್ ಮುಗಿದ ಮೇಲೆ ನಡೆಯುವ ಪಾರ್ಟಿಯ ಬಗ್ಗೆ ನಾನೇನೂ ಬರೆಯುವುದಿಲ್ಲ. ಆದರೆ ಡಾಕ್ಟರ್ ಕೇಳಿದರೆ ನಿಜವನ್ನೇ ಹೇಳಿ.

ಕೆಮ್ಮು ಬಂದರೆ ಸುಮ್ನೆ ಮೆಡಿಕಲ್‌ಗೆ ಹೋಗಿ ಆಂಟಿಬಯೋಟಿಕ್ ತರಬೇಡಿ. ಕ್ಲಾರಿಥ್ರೋಮೈಸಿನ್ ಅನ್ನುವುದೊಂದಿದೆ, ಅದು ಅಟೋರ್ವಾಸ್ಟಾಟಿನ್ ಪ್ರಮಾಣವನ್ನು ಮೈಯಲ್ಲಿ ಏರಿಸುತ್ತದೆ.

ಕಣ್ಣು ಹಳದಿಯಾದರೆ, ಮೂತ್ರ ಕಂದು ಬಣ್ಣಕ್ಕೆ ತಿರುಗಿದರೆ, ಊಟ ಸೇರದೆ ವಾಂತಿ ಬಂದರೆ, ಬಲಗಡೆ ಪಕ್ಕೆಲುಬಿನ ಕೆಳಗೆ ನೋವಾದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಕಾರಣವಿಲ್ಲದೆ ತೊಡೆ, ತೋಳು ಜೋರಾಗಿ ನೋಯುತ್ತಿದ್ದರೂ ಅಷ್ಟೇ, ತಡ ಮಾಡಬೇಡಿ.

ಈಗ ಮಾಡಬೇಕಾದದ್ದು ಇಷ್ಟೇ. ನಾಳೆಯೇ ಹೃದಯದ ಡಾಕ್ಟರಿಗೆ ಗುಳಿಗೆ ಬಿಟ್ಟಿದ್ದೇನೆ ಅಂತ ಹೇಳಿ. ಮತ್ತೆ ಹೇಗೆ ಶುರು ಮಾಡಬೇಕು, ಪರೀಕ್ಷೆ ಯಾವಾಗ ಮಾಡಿಸಬೇಕು ಅಂತ ಕೇಳಿ. ಮನೆಯಲ್ಲಿರುವ ಎಲ್ಲ ಗುಳಿಗೆ, ಪುಡಿ, ರಸದ ಬಾಟಲಿ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸಿ. ಡೋಸ್ ಇಳಿಸುವುದೋ, ಬೇರೆ ಗುಳಿಗೆ ಕೊಡುವುದೋ ಅವರು ನೋಡಿಕೊಳ್ಳುತ್ತಾರೆ.

ಅವ್ವನಿಗೆ ನಮಸ್ಕಾರ ಹೇಳಿ. ಗುರೆಳ್ಳು ಪುಡಿ ಖಾಲಿಯಾಗಿದೆ, ಈ ಕಡೆ ಬರುವವರಿದ್ದರೆ ಕೊಟ್ಟು ಕಳಿಸಲಿ. ಮತ್ತೆ ತಮ್ಮ ಫೋಟೋ ತೆಗೆಯುವಾಗ ರಿಪೋರ್ಟಿನ ಕೆಳಗಿನ ಅರ್ಧ ಬಿಟ್ಟಿದ್ದಾನೆ. ಕಾಮಾಲೆ ತೋರಿಸುವ ಬಿಲಿರುಬಿನ್ ಎಷ್ಟಿದೆ ಅಂತ ನನಗೆ ನೋಡಬೇಕು. ಪೂರ್ತಿ ಹಾಳೆ ಕಾಣುವ ಹಾಗೆ ಇನ್ನೊಮ್ಮೆ ಕಳಿಸಲು ಹೇಳಿ.

ನಿಮ್ಮ ಮಗಳು