ಸೌರ ಗಾಳಿ ಹೀಟರ್: ಥರ್ಮಾಮೀಟರ್ ಒಂದನ್ನೇ ನೋಡಿದರೆ ಸಾಲದು

ಸಂಪಾದಕರಿಗೆ ನಮಸ್ಕಾರ.

ಮನೆ ಬೆಚ್ಚಗಿಡುವ ಖರ್ಚು ಏರುತ್ತಾ ಹೋದ ಹಾಗೆ ಮನೆಯಲ್ಲೇ ಮಾಡಿಕೊಳ್ಳುವ ಸೌರ ಗಾಳಿ ಹೀಟರ್ ಬಗ್ಗೆ ಲೇಖನ, ವಿಡಿಯೊ ಎರಡೂ ಜಾಸ್ತಿಯಾಗಿವೆ. ಒಳ್ಳೆಯದೇ. ಒಂದು ಮರದ ಪೆಟ್ಟಿಗೆ, ಒಳಗೆ ಕಪ್ಪು ಬಣ್ಣ ಬಳಿದ ಸೋಡಾ ಡಬ್ಬಿಗಳ ಸಾಲು, ಮೇಲೆ ಗಾಜು. ಕೆಳಗಿನ ತೂತಿನಿಂದ ಕೋಣೆಯ ತಣ್ಣನೆ ಗಾಳಿಯನ್ನು ಒಂದು ಫ್ಯಾನ್ ಒಳಗೆ ಎಳೆಯುತ್ತದೆ, ಅದು ಬಿಸಿಯಾಗಿ ಮೇಲಿನ ತೂತಿನಿಂದ ಕೋಣೆಗೆ ವಾಪಸ್ಸು ಬರುತ್ತದೆ. ಆದರೆ ಎಲ್ಲದರ ಕೊನೆಗೂ ಅದೇ ದೃಶ್ಯ: ಮೇಲಿನ ತೂತಿಗೆ ಥರ್ಮಾಮೀಟರ್ ಹಿಡಿದು ‘ನೋಡಿ, 70 ಡಿಗ್ರಿ!’ ಅನ್ನುವುದು. ನನ್ನ ತಕರಾರು ಇರುವುದು ಈ 70ರ ಬಗ್ಗೆ.

ಕೋಣೆಗೆ ಎಷ್ಟು ಶಾಖ ಬಂತು ಅನ್ನುವುದು ಗಾಳಿ ಎಷ್ಟು ಬಿಸಿಯಾಯಿತು, ಎಷ್ಟು ಗಾಳಿ ಹರಿಯಿತು, ಈ ಎರಡರ ಗುಣಾಕಾರ. ಗಂಟೆಗೆ 20 ಘನ ಮೀಟರ್ ಗಾಳಿ 20 ಡಿಗ್ರಿಯಿಂದ 70ಕ್ಕೆ ಏರಿದರೆ ಸಿಗುವುದು ಸುಮಾರು 335 ವಾಟ್. ಗಂಟೆಗೆ 150 ಘನ ಮೀಟರ್ ಗಾಳಿ ಬರೀ 40 ಡಿಗ್ರಿಗೆ ಏರಿದರೆ ಸಾವಿರ ವಾಟ್! ಕೈಗೆ ತಾಕಿದಾಗ ಸುಮಾರು ಬೆಚ್ಚಗೆ ಅನ್ನಿಸುವ ಈ ಎರಡನೆಯದೇ ಮೂರು ಪಟ್ಟು ಕೆಲಸ ಮಾಡುತ್ತಿರುತ್ತದೆ. ಇನ್ನೊಂದು ವಿಷಯ, ಗಾಳಿ ನಿಧಾನವಾದಷ್ಟೂ ಪೆಟ್ಟಿಗೆಯ ಒಳಗೆ ಕಾವು ಏರುತ್ತದೆ, ಕಾವು ಏರಿದಷ್ಟೂ ಗಾಜಿನ ಮೂಲಕ ಶಾಖ ಹೊರಗೆ ಸೋರುತ್ತದೆ. ಅಂದರೆ 70 ಡಿಗ್ರಿ ತೋರಿಸುವ ಪೆಟ್ಟಿಗೆ ಬಹಳ ಸಲ ಚಿಕ್ಕ ಫ್ಯಾನ್ ಹಾಕಿದ ಪೆಟ್ಟಿಗೆ, ಅಷ್ಟೇ.

ಡಬ್ಬಿಗಳ ಮೋಹವೂ ನನಗೆ ಅರ್ಥವಾಗುವುದಿಲ್ಲ. ಒಂದೊಂದಕ್ಕೂ ತಳ ಕೊರೆದು, ಅಂಟಿಸಿ, ಸಾಲು ಜೋಡಿಸುವಷ್ಟರಲ್ಲಿ ಚಳಿಗಾಲವೇ ಮುಗಿಯುತ್ತದೆ. ಕಿಟಕಿಗೆ ಹಾಕುವ ಸೊಳ್ಳೆ ಜಾಲರಿ ಇದೆಯಲ್ಲ, ಲೋಹದ್ದು, ಅದನ್ನು ಕಪ್ಪು ಮಾಡಿ ಎರಡು ಮೂರು ಪದರ ಓರೆಯಾಗಿ ಕಟ್ಟಿ ಗಾಳಿ ಅದರ ಮೂಲಕವೇ ನುಗ್ಗುವಂತೆ ಮಾಡಿದರೆ ಸಾಕು. ಪ್ರತಿ ತಂತಿಗೂ ಗಾಳಿ ತಾಕುತ್ತದೆ, ಶಾಖ ಸುಲಭವಾಗಿ ಬಿಟ್ಟುಕೊಡುತ್ತದೆ.

ಸೌರ ಗಾಳಿ ಹೀಟರ್ ಅನ್ನುವುದೇನು ಹೊಸ ಉಪಾಯವೂ ಅಲ್ಲ. ಅಮೆರಿಕದ ಎಡ್ವರ್ಡ್ ಮೋರ್ಸ್ 1881ರಲ್ಲೇ ಗಾಜಿನ ಹಿಂದೆ ಕಪ್ಪು ಸ್ಲೇಟು ಕೂರಿಸಿ ಬಿಸಿಲಿನಿಂದ ಕೋಣೆ ಬೆಚ್ಚಗಿಡುವ ವಿಧಾನಕ್ಕೆ ಪೇಟೆಂಟ್ ಪಡೆದಿದ್ದ. ಆತ ಎಂಜಿನಿಯರ್ ಅಲ್ಲ, ಪ್ರಾಣಿಶಾಸ್ತ್ರಜ್ಞ!

ಉಳಿತಾಯದ ವಿಷಯಕ್ಕೆ ಬಂದರೆ, ಮೂರು ಚದರ ಮೀಟರ್ ಪೆಟ್ಟಿಗೆಗೆ ಒಳ್ಳೆ ಬಿಸಿಲು ಬಿದ್ದು ಅದರಲ್ಲಿ ಅರ್ಧ ಕೋಣೆಗೆ ಬಂದರೂ ಹೆಚ್ಚು ಕಮ್ಮಿ ಒಂದು ಕಿಲೋವಾಟ್. ಐದು ಗಂಟೆ ಬಿಸಿಲಿದ್ದರೆ ಐದು ಯೂನಿಟ್. 20 ವಾಟ್ ಫ್ಯಾನ್ ತಿನ್ನುವುದು ಅದರಲ್ಲಿ 0.1 ಯೂನಿಟ್. ಪರವಾಗಿಲ್ಲ ಅಲ್ವಾ? ಆದರೆ ಮೋಡ ಕವಿದ ದಿನ ಏನೂ ಇಲ್ಲ, ರಾತ್ರಿಗೂ ಇಲ್ಲ. ಹಗಲು ಜನ ಇರುವ ಕೋಣೆಗೆ ಹಾಕಿದರೆ ಮಾತ್ರ ಉಪಯೋಗ. ಅದಕ್ಕೂ ಮೊದಲು ಕಿಟಕಿ ಬಾಗಿಲುಗಳ ಸಂದು ಮುಚ್ಚಿಕೊಳ್ಳಬೇಕು, ಅದರ ಖರ್ಚು ಇದಕ್ಕಿಂತ ಕಡಿಮೆ.

ವಿಡಿಯೊಗಳು ಹೇಳದೇ ಬಿಡುವ ಕೆಲವು ಸಂಗತಿಗಳಿವೆ. ರಾತ್ರಿ ಪೆಟ್ಟಿಗೆಯೊಳಗಿನ ಗಾಳಿ ತಣ್ಣಗಾಗಿ ಕೆಳಗಿನ ತೂತಿನಿಂದ ಕೋಣೆಗೆ ಇಳಿಯುತ್ತದೆ, ಕೋಣೆಯ ಬೆಚ್ಚನೆ ಗಾಳಿ ಮೇಲಿನ ತೂತಿಗೆ ಹೋಗುತ್ತದೆ, ಹಗಲು ಗಳಿಸಿದ್ದು ಹೀಗೆ ಕರಗುತ್ತದೆ. ತೂತಿಗೆ ಒಂದು ತೆಳು ಪ್ಲಾಸ್ಟಿಕ್ ಹಾಳೆಯನ್ನು ಮೇಲಂಚು ಮಾತ್ರ ಅಂಟಿಸಿ ನೇತುಹಾಕಿದರೆ, ಫ್ಯಾನ್ ನಿಂತಾಗ ಅದೇ ಮುಚ್ಚಿಕೊಳ್ಳುತ್ತದೆ. ಹಾಗೆಯೇ ಫ್ಯಾನ್ ಕೆಟ್ಟು ಬಿಸಿಲು ಬೀಳುತ್ತಲೇ ಇದ್ದರೆ ಒಳಗೆ 100 ಡಿಗ್ರಿ ದಾಟಬಹುದು. ಶಾಖ ಸೋರದಿರಲಿ ಎಂದು ಪೆಟ್ಟಿಗೆಗೆ ಥರ್ಮಾಕೋಲ್ ಹಾಕಿದ್ದರೆ ಅದು ಅಷ್ಟು ಕಾವು ತಡೆಯುವುದಿಲ್ಲ, ಮೆತ್ತಗಾಗಿ ಕುಸಿಯುತ್ತದೆ. ಅದರ ಬದಲು ಖನಿಜ ನಾರಿನ ಹೊದಿಕೆ ಹಾಕಿ. ಬಣ್ಣ ಬಳಿದ ಮೇಲೆ ಪೆಟ್ಟಿಗೆಯನ್ನು ಕೆಲವು ದಿನ ಹೊರಗೆ ಬಿಸಿಲಿಗಿಟ್ಟು ವಾಸನೆ ಪೂರ್ತಿ ಹೋದ ಮೇಲೆ ಕೋಣೆಗೆ ಜೋಡಿಸಿ, ಇಲ್ಲದಿದ್ದರೆ ಆ ಹೊಗೆಯನ್ನೇ ಮನೆಯವರೆಲ್ಲ ಉಸಿರಾಡಬೇಕಾಗುತ್ತದೆ.

ಇಂಥ ಲೇಖನ ಮುಂದೆ ಹಾಕುವಾಗ ಡಿಗ್ರಿಯ ಜೊತೆಗೆ ಗಂಟೆಗೆ ಎಷ್ಟು ಗಾಳಿ ಅನ್ನುವ ಅಂಕಿಯನ್ನೂ ದಯವಿಟ್ಟು ಕೇಳಿ ಹಾಕಿ. ಅದಿಲ್ಲದ ಲೇಖನ ನೋಡಿ ಯಾರೂ ಗಾಜು ಕತ್ತರಿಸಲು ಹೋಗದಿರಲಿ.

ನಿಮ್ಮ ಓದುಗ